ನಾಲ್ಕು ಬಣ್ಣದ ಅವ್ವ

ಧಾರವಾಡದ ಹಳೇ ಮನೆಯೊಂದರ ಮೇಲಂತಸ್ತು. ರವಿವಾರದ ಚಿತ್ರಕಲಾ ತರಗತಿ ಆಗಲೇ ಕಳೆಗಟ್ಟಿದೆ. ಇವತ್ತು ಎಲ್ಲರ ಚೀಲದಲ್ಲೂ ಬಣ್ಣ, ಕುಂಚದ ಜೊತೆಗೆ ಮನೆಯ ಆಲ್ಬಮ್ಮಿನಿಂದ ಬಿಡಿಸಿ ತಂದ ಒಂದೊಂದು ಫೋಟೊ. ಕಾಲೇಜು ಹುಡುಗನೊಬ್ಬನ ಫೋಟೊದಲ್ಲಿ ಅಜ್ಜ ಹೊಸ ಸೈಕಲ್ ಹಿಡಿದು ನಿಂತಿದ್ದಾನೆ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಹೈಸ್ಕೂಲಿನ ಗ್ರೂಪ್ ಫೋಟೊ ತಂದು, ಅದರಲ್ಲಿ ತಾವೆಲ್ಲಿ ಎಂದು ಹುಡುಕುತ್ತಿದ್ದಾರೆ. ಕಿಟಕಿಯ ಬಳಿ ಕೂತ ಅಕ್ಕಾರು ತಂದದ್ದು ತಮ್ಮ ಅವ್ವನ ಫೋಟೊ.

ಸ್ಟುಡಿಯೊದಲ್ಲಿ ತೆಗೆಸಿದ್ದು. ಹಿಂದಿನ ಪರದೆಯ ಮೇಲೆ ಕಂಬ, ಮೆಟ್ಟಿಲು, ಹೂದೋಟ. ಪಕ್ಕದಲ್ಲಿ ಎತ್ತರದ ಸ್ಟೂಲು, ಅದರ ಮೇಲೆ ಹೂದಾನಿ. ಸ್ಟೂಲಿನ ಮೇಲಿಟ್ಟ ಕೈಯ ಬೆರಳು ಬಿಗಿಯಾಗಿವೆ. ಫೋಟೊದವ "ಅಲುಗಾಡಬ್ಯಾಡ್ರಿ" ಅಂದದ್ದು ಆ ಮುಖದಲ್ಲಿ ಇನ್ನೂ ಉಳಿದಿದೆ.

ಅಸಲು ಫೋಟೊಕ್ಕೆ ಪೆನ್ಸಿಲ್ ತಾಗಿಸಕೂಡದು ಎಂಬುದು ಮಾಸ್ತರರ ಮೊದಲ ಕಟ್ಟಪ್ಪಣೆ. ಎಲ್ಲರದೂ ಝೆರಾಕ್ಸ್ ಆಗಬೇಕು. ಝೆರಾಕ್ಸ್ ಯಂತ್ರ ನಡುವಿನ ಬೂದು ಛಾಯೆಗಳನ್ನು ನುಂಗಿ ಕಪ್ಪನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ಬೇರೆಡೆ ಅದು ದೋಷ, ಇಲ್ಲಿ ಅರ್ಧ ಕೆಲಸ ಅದೇ ಮಾಡಿಕೊಟ್ಟಂತೆ. ಆಮೇಲೆ ಚೌಕಳಿ. ನಾಲ್ಕು ಇಂಚು ಅಗಲ, ಆರು ಇಂಚು ಉದ್ದದ ಪ್ರತಿಯ ಮೇಲೆ ಅರ್ಧ ಇಂಚಿಗೊಂದು ಗೆರೆ ಎಳೆದರೆ 96 ಚೌಕ. 16ಕ್ಕೆ 24 ಇಂಚಿನ ಹಾಳೆಯಲ್ಲಿ ಅದೇ 96 ಚೌಕ, ಒಂದೊಂದೂ ಎರಡಿಂಚು. ಒಂದು ಚೌಕದಲ್ಲಿ ಏನಿದೆಯೋ ಅಷ್ಟನ್ನೇ ನೋಡಿ ಬರೆಯುತ್ತ ಹೋಗುವುದು.

"ಮೂಗು ಬರೀಬ್ಯಾಡ್ರಿ, ಮೂಗಿನ ನೆರಳು ಬರೀರಿ," ಎನ್ನುತ್ತ ಮಾಸ್ತರರು ಸಾಲಿನ ನಡುವೆ ಓಡಾಡುತ್ತಾರೆ. ಕಣ್ಣನ್ನು ಅರೆಮುಚ್ಚಿ ನೋಡಿದರೆ ಹುಬ್ಬು, ರೆಪ್ಪೆ, ಸೆರಗಿನ ಸಣ್ಣ ನಿರಿಗೆ ಎಲ್ಲ ಕರಗಿ ಕತ್ತಲು ಬೆಳಕಿನ ನಾಲ್ಕೇ ಮೆಟ್ಟಿಲು ಉಳಿಯುತ್ತವೆ. ತೀರ ಬೆಳಕಿಗೆ 1, ತೀರ ಕತ್ತಲಿಗೆ 4. ಪ್ರತಿ ತುಂಡಿನಲ್ಲೂ ಅಂಕಿ ಬಿತ್ತು. ಒಂದು ಅಂಕಿಗೆ ಒಂದೇ ಬಣ್ಣ, ಸಪಾಟಾಗಿ, ಒಂದರೊಳಗೊಂದು ಬೆರೆಸುವಂತಿಲ್ಲ.

ಈ ವಿದ್ಯೆ ಜಗತ್ತೆಲ್ಲ ತಿರುಗಿದ್ದು. ಆಂಡಿ ವಾರ್ಹೋಲ್ 1962ರಲ್ಲಿ ಮರ್ಲಿನ್ ಮನ್ರೋ ಮುಖಕ್ಕೆ ಢಾಳು ಬಣ್ಣ ಬಳಿದದ್ದು 'ನಯಾಗರಾ' ಸಿನಿಮಾದ ಪ್ರಚಾರದ ಫೋಟೊ ಇಟ್ಟುಕೊಂಡು. ಕ್ಯೂಬಾದ ಆಲ್ಬರ್ಟೊ ಕೊರ್ಡಾ 1960ರಲ್ಲಿ ತೆಗೆದ ಚೆ ಗೆವಾರನ ಫೋಟೊವನ್ನು ಐರ್ಲೆಂಡಿನ ಜಿಮ್ ಫಿಟ್ಜ್‌ಪ್ಯಾಟ್ರಿಕ್ 1968ರಲ್ಲಿ ಕೆಂಪು ಕಪ್ಪಿನ ಪೋಸ್ಟರ್ ಮಾಡಿದ. ಟೀ ಶರ್ಟುಗಳ ಮೇಲೆ ಕಾಣುವ ಮುಖ ಅದೇ. ನಮ್ಮ ಆಟೊಗಳ ಹಿಂದಿನ ಶಂಕರ್‌ನಾಗ್‌ಗೂ ಕಣ್ಣು, ಗಡ್ಡದ ನಾಲ್ಕಾರು ಕಪ್ಪು ತುಂಡು ಸಾಕು, ಯಾರಾದರೂ ಗುರುತು ಹಿಡಿಯುತ್ತಾರೆ.

ಬಣ್ಣದ ಹೊತ್ತಿಗೆ ತಕರಾರು ಎದ್ದಿತು. ಮಾಸ್ತರರು ಸೀರೆಗೆ ಗಾಢ ನೀಲಿ ಕಲಸಿಕೊಟ್ಟರು.

"ಅಲ್ರೀ ಸರ್, ನಮ್ಮವ್ವಂದು ಹಸರ ಸೀರಿ. ನೀಲಿ ಹಚ್ಚಿದ್ರ ಹೆಂಗ್ರಿ?"

"ಬಣ್ಣ ಯಾವುದರ ಇರ್ಲಿ ಅಕ್ಕಾರ, ಕತ್ತಲಿ ಎಷ್ಟೈತಿ ಅಷ್ಟ ಇರಬೇಕು. ಹಳದಿ ಎಷ್ಟ ಬಳದ್ರೂ ನಾಕನೇ ನಂಬರಿಗೆ ಬರಂಗಿಲ್ಲ. ಆದ್ರ ಹಸರ ಅಂತ ನಿಮಗ ಹೇಳಿದವರು ಯಾರು?"

ಯಾರೂ ಹೇಳಿರಲಿಲ್ಲ. ಕಪ್ಪು ಬಿಳುಪು ಫೋಟೊದಲ್ಲಿ ಕೆಂಪು, ಹಸಿರು ಎರಡೂ ಬಹಳ ಸಲ ಒಂದೇ ಬೂದಿಗೆ ಇಳಿಯುತ್ತವೆ. ಅಕ್ಕಾರು ಗದಗಿನ ಮೌಶಿಗೆ ಫೋನ್ ಹಚ್ಚಿದರು. ಸ್ಪೀಕರಿನಲ್ಲಿ ಮೌಶಿಯ ದನಿ ಕೋಣೆಗೆಲ್ಲ ಕೇಳಿತು: "ಹಸರೆಲ್ಲಿದು? ದಾಳಿಂಬರ ಬಣ್ಣದ ಇಳಕಲ್ ಸೀರಿ ಅದು. ಅಕೀದೂ ಅಲ್ಲ, ನಂದು! ಫೋಟೊಕ್ಕಂತ ಇಸಕೊಂಡು ಹೋಗಿದ್ಲು."

ನಕ್ಕು ಮುಗಿಸುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ನೀಲಿ ಪಕ್ಕಕ್ಕೆ ಸರಿದು ಕಡುಗೆಂಪು ಬಂತು. ಮುಖದ ಬೆಳಕಿಗೆ ಹಳದಿ, ಕೆನ್ನೆಗೆ ಕಿತ್ತಳೆ, ಗಲ್ಲದ ಕೆಳಗೆ ಇಟ್ಟಿಗೆ ಬಣ್ಣ. ಪರದೆಯ ಹೂದೋಟವನ್ನು ಪೂರ್ತಿ ಕೈಬಿಟ್ಟು ಹಿಂದೆ ಬಿಳಿ ಜಾಗ ಉಳಿಸಿದರು. ಕೊನೆಗೆ ಮಾಸ್ತರರು ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಕಪ್ಪು ಬಿಳುಪಿಗೆ ತಿರುಗಿಸಿ ಝೆರಾಕ್ಸಿನ ಪಕ್ಕ ಹಿಡಿದರು. ಕತ್ತಲು ಬೆಳಕು ತಾಳೆಯಾಯಿತು. ಹಳದಿ ಹಣೆ, ಕಿತ್ತಳೆ ಕೆನ್ನೆಯ ಆ ಹೆಂಗಸು ಅಕ್ಕಾರ ಅವ್ವನೇ ಎಂಬುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ. ಹೋಲಿಕೆ ಇರುವುದು ಛಾಯೆಯಲ್ಲಿ. ಬಣ್ಣ ಹೇಳುವುದು ಫೋಟೊಕ್ಕೆ ಗೊತ್ತಿಲ್ಲದ ಕತೆ.

ಆ ಕತೆ ಬಲ್ಲ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ತಡಮಾಡಬೇಡಿ. ಆಲ್ಬಮ್ ಹಿಡಿದು ಅವರ ಪಕ್ಕ ಕೂತು, ಇವರು ಯಾರು, ಉಟ್ಟದ್ದು ಯಾವ ಬಣ್ಣ ಎಂದು ಕೇಳಿ. ಉತ್ತರವನ್ನು ಫೋಟೊದ ಹಿಂದೆ ಮೆತ್ತನೆಯ ಪೆನ್ಸಿಲ್‌ನಿಂದ ಬರೆದಿಡಿ. ಬಾಲ್‌ಪೆನ್ ಬೇಡ, ಒತ್ತಿದ ಗೆರೆ ಮುಂದಿನ ಮುಖದ ಮೇಲೆ ಮೂಡುತ್ತದೆ.