ಮೊದಲು ಸ್ಟಿಯರಿಂಗ್, ಆಮೇಲೆ ಇಂಜಿನ್

ನವಲಗುಂದ, ಅಣ್ಣಿಗೇರಿ ಕಡೆ ಹಳೇ ವಾಡೆಗಳ ಹಿತ್ತಲಲ್ಲಿ ಈಗಲೂ ಒಂದೊಂದು ಅಂಬಾಸಿಡರ್ ನಿಂತಿರುವುದುಂಟು. ಮೇಲೆ ತಾಡಪತ್ರಿ, ಹಿಂದಿನ ಸೀಟಿನಲ್ಲಿ ಹತ್ತಿ ಚೀಲ, ಬಾನೆಟ್ಟಿನೊಳಗೆ ಇಲಿಗೂಡು. ಅದನ್ನು ಎಬ್ಬಿಸುವ ಮನಸ್ಸು ಬಂದರೆ ಮೊದಲು ಸಿಗುವ ಸಲಹೆ, "ಟ್ರ್ಯಾಕ್ಟರ್‌ಗೆ ಕಟ್ಟಿ ಎಳೀರಿ, ಚಾಲೂ ಆಕ್ಕೈತಿ." ಈ ಮಾತು ಕೇಳಬೇಡಿ. ವರ್ಷಗಟ್ಟಲೆ ನಿಂತ ಇಂಜಿನ್ನಿನಲ್ಲಿ ಪಿಸ್ಟನ್ ರಿಂಗು ತುಕ್ಕು ಹಿಡಿದು ಸಿಲಿಂಡರಿಗೆ ಅಂಟಿರುತ್ತದೆ. ಎಳೆದ ರಭಸಕ್ಕೆ ರಿಂಗು ಮುರಿದು ಗೋಡೆಗೆ ಗೀರು ಬೀಳುತ್ತದೆ.

ಎಳೆಯಬಾರದೆನ್ನಲು ಇನ್ನೊಂದು ಕಾರಣವೂ ಉಂಟು, ಇಂಜಿನ್ನಿಗೂ ಮೊದಲು ನೋಡಬೇಕಾದ್ದು ಸ್ಟಿಯರಿಂಗ್. ಇಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ, ಸ್ಟಿಯರಿಂಗ್ ಕೆಟ್ಟರೆ ನಿಲ್ಲುವುದಿಲ್ಲ. ಆದರೂ ಎಲ್ಲರ ಗಮನ ಇಂಜಿನ್ನಿನ ಕಡೆಗೇ, ಯಾಕೆಂದರೆ ಅದಕ್ಕೆ ದನಿಯಿದೆ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಸಂಗೀತ ಕಲಿತ ಭೀಮಸೇನ ಜೋಶಿಯವರಿಗೆ ಕಾರಿನ ಹುಚ್ಚು ವಿಪರೀತ, ಮೆಕ್ಯಾನಿಕ್ ಕೆಲಸವೂ ಗೊತ್ತಿತ್ತು. ಅಂಥ ಕಿವಿಗೆ ಇಂಜಿನ್ನಿನ ಅಪಸ್ವರ ತಿಳಿದೀತು. ಸ್ಟಿಯರಿಂಗನ್ನು ಗಾಲಿಗೆ ಜೋಡಿಸುವ ಟೈ ರಾಡ್ ಸವೆದರೆ ಮಾತ್ರ ಎಷ್ಟೋ ಸಲ ಸದ್ದೇ ಮಾಡದೆ ಕಳಚಿಕೊಳ್ಳುತ್ತದೆ.

ಅಂಬಾಸಿಡರಿನದು ರ‍್ಯಾಕ್ ಅಂಡ್ ಪಿನಿಯನ್ ಸ್ಟಿಯರಿಂಗ್. ಸ್ಟಿಯರಿಂಗ್ ಚಕ್ರ ತಿರುಗಿಸಿದಾಗ ಪಿನಿಯನ್ ಎಂಬ ಸಣ್ಣ ಗಿಯರು ಹಲ್ಲಿನ ಸರಳನ್ನು ಎಡಬಲಕ್ಕೆ ಸರಿಸುತ್ತದೆ. ಸರಳಿನ ಎರಡೂ ತುದಿಗೆ ರಬ್ಬರ್ ಬೂಟು, ಒಳಗೆ ಎಣ್ಣೆ. ಬೂಟು ಹರಿದರೆ ಎಣ್ಣೆ ಹೊರಗೆ ಹೋಗುತ್ತದೆ, ಎರಿಮಣ್ಣಿನ ದೂಳು ಒಳಗೆ ಬಂದು ಹಲ್ಲು ತೇಯುತ್ತದೆ. ಗಾಡಿ ಓಡುವುದು ಬಹುಪಾಲು ನೇರ, ಹಾಗಾಗಿ ಸವೆತವೆಲ್ಲ ಸರಳಿನ ನಡುವೆ. ಇಲ್ಲೇ ಅನೇಕರು ಎಡವುತ್ತಾರೆ. ನಡುವಿನ ಪ್ಲೇ, ಅಂದರೆ ಆಟ, ತೆಗೆಯಲೆಂದು ಶಿಮ್ ಎಂಬ ತೆಳು ತಗಡು ಕಳೆದು ಬಿಗಿ ಮಾಡುತ್ತಾರೆ. ತುದಿಯ ಹಲ್ಲು ಸವೆದಿರುವುದಿಲ್ಲವಾದ್ದರಿಂದ ಪೂರ್ತಿ ತಿರುಗಿಸಿದಾಗ ಸ್ಟಿಯರಿಂಗ್ ಅಲ್ಲೇ ಕಚ್ಚಿ, ತಾನಾಗಿ ವಾಪಸು ಬರುವುದಿಲ್ಲ. ನಡುವೆ ಅಷ್ಟು ಸವೆದಿದ್ದರೆ ರ‍್ಯಾಕ್ ಬದಲಿಸುವುದೊಂದೇ ದಾರಿ.

ಪರೀಕ್ಷೆಗೆ ಇಬ್ಬರು ಬೇಕು. ಒಬ್ಬರು ಸ್ಟಿಯರಿಂಗನ್ನು ಸ್ವಲ್ಪ ಸ್ವಲ್ಪವೇ ಅಲುಗಾಡಿಸಲಿ, ಇನ್ನೊಬ್ಬರು ಕೆಳಗೆ ಒಂದೊಂದೇ ಜಾಯಿಂಟ್ ನೋಡಲಿ. ಆಮೇಲೆ ಜಾಕ್ ಕೊಟ್ಟು, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಮುಂದಿನ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಕಂಡರೆ ಕಿಂಗ್ ಪಿನ್ ಅಥವಾ ಬೇರಿಂಗ್. ಬ್ರೇಕ್ ಒತ್ತಿದಾಗ ಆಟ ನಿಂತರೆ ಅದು ಬೇರಿಂಗೇ. ಎಡಬಲಕ್ಕೆ ಮಾತ್ರ ಆಡಿದರೆ ಟೈ ರಾಡ್ ಎಂಡ್ ಅಥವಾ ರ‍್ಯಾಕ್. ಸವೆದ ಟೈ ರಾಡಿಗೆ ವೆಲ್ಡಿಂಗ್ ಹೊಡೆಸಲೇಬೇಡಿ. ಸ್ಪ್ಲಿಟ್ ಪಿನ್ ಪ್ರತಿ ಸಲವೂ ಹೊಸದೇ ಹಾಕಿ. ಫಿಯೆಟ್ಟಿಗೂ ಹಳೇ ಜೀಪಿಗೂ ರ‍್ಯಾಕ್ ಇಲ್ಲ, ಸ್ಟಿಯರಿಂಗ್ ಬಾಕ್ಸ್ ಇರುತ್ತದೆ. ಕೆಳಗಿನ ಜಾಯಿಂಟ್‌ಗಳ ಪರೀಕ್ಷೆ ಅವಕ್ಕೂ ಹೀಗೆಯೇ.

ಇನ್ನು ಇಂಜಿನ್. ಪೆಟ್ರೋಲ್ ಅಂಬಾಸಿಡರಿನ ಪ್ರಸಿದ್ಧ ಇಂಜಿನ್ 1489 ಸಿಸಿಯದು, ಮೂಲತಃ ಬ್ರಿಟನ್ನಿನ ಬಿಎಂಸಿ ಕಂಪನಿಯ ವಿನ್ಯಾಸ. ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಡೀಸೆಲ್ ಮತ್ತು ಇಂಜಿನ್ ಆಯಿಲ್ ಬೆರೆಸಿ ಹಾಕಿ, ಕೆಲವು ದಿನ ಬಿಡಿ. ಆಮೇಲೆ ಟಾಪ್ ಗಿಯರಿನಲ್ಲಿಟ್ಟು ಗಾಡಿಯನ್ನು ಕೈಯಿಂದಲೇ ಹಿಂದೆ ಮುಂದೆ ಮೆಲ್ಲಗೆ ದೂಡಿ. ಪಿಸ್ಟನ್ ಅಂಟು ಬಿಡದಿದ್ದರೆ ಹೆಡ್ ಬಿಚ್ಚಬೇಕು, ಬಲಪ್ರಯೋಗ ಬೇಡ. ಬಿಟ್ಟ ಮೇಲೆ ಸಂಪ್ ಇಳಿಸಿ ಕೆಸರಿನಂಥ ಹಳೇ ಆಯಿಲ್ ತೊಳೆಯಿರಿ. ಬೋರ್ ಹೊಡೆಸುವುದು, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಫೇಸಿಂಗ್ ಹುಬ್ಬಳ್ಳಿಯ ಲೇಥಿನಲ್ಲಿ ಆಗುವ ಕೆಲಸ. ಕಂಪ್ರೆಷನ್ ಅಳೆಯದೆ ಸುಮ್ಮನೆ ಬೋರ್ ಹೊಡೆಸಬೇಡಿ, ಒಮ್ಮೆ ಕೊರೆದ ಲೋಹ ತಿರುಗಿ ಬರುವುದಿಲ್ಲ.

ಹೆಡ್ ಲೇಥಿಗೆ ಹೋದಾಗಲೇ ಗಟ್ಟಿ ವಾಲ್ವ್ ಸೀಟು ಕೂಡಿಸಿಕೊಳ್ಳಿ. ಹಿಂದೆ ಪೆಟ್ರೋಲಿನ ಸೀಸವೇ ವಾಲ್ವ್ ಸೀಟನ್ನು ಸವೆಯದಂತೆ ಕಾಯುತ್ತಿತ್ತು, 2000ದ ಫೆಬ್ರವರಿಯಿಂದ ಸೀಸದ ಪೆಟ್ರೋಲ್ ದೇಶದಲ್ಲಿಲ್ಲ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್. ಅದು ಹಳೇ ರಬ್ಬರನ್ನು ತಿನ್ನುತ್ತದೆ, ಆದ್ದರಿಂದ ಪೈಪು, ಪಂಪಿನ ಡಯಾಫ್ರಾಮ್ ಹೊಸದಾಗಲಿ. ರೇಡಿಯೇಟರಿಗೆ ನವಲಗುಂದ ಸೀಮೆಯ ಸವುಳು ಬೋರ್‌ನೀರು ಬೇಡವೇ ಬೇಡ. ಒಳಗೆಲ್ಲ ಉಪ್ಪಿನ ಪೊರೆ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಹಾಕಿ. ಕಲಘಟಗಿ ಕಡೆಯವರಿಗೆ ನೀರಿಗಿಂತ ಮಳೆಯೇ ವೈರಿ. ಅವರು ಇಂಜಿನ್ನಿಗೂ ಮೊದಲು ತಳದ ತುಕ್ಕು ನೋಡಲಿ.

ದಣಿದ ಇಂಜಿನ್ ತೆಗೆದು ಡೀಸೆಲ್ ಇಂಜಿನ್ ಕೂಡಿಸುವ ಚಾಳಿ ನಮ್ಮಲ್ಲಿ ಹಳೆಯದು. ಓಡಿಸಲು ಅಗ್ಗ, ನಿಜ. ಆದರೆ 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿ, ಚಾಸಿ, ಬಾಡಿ, ಇಂಜಿನ್ ದೊಡ್ಡ ಬದಲಾವಣೆಯಿಲ್ಲದೆ ಉಳಿದ ಗಾಡಿಗಷ್ಟೇ ವಿಂಟೇಜ್ ನೋಂದಣಿ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ, ನವೀಕರಣಕ್ಕೆ 5,000. ಹಾಗೆ ನೋಂದಾಯಿಸಿದ ಗಾಡಿಯನ್ನು ರ‍್ಯಾಲಿ, ಪ್ರದರ್ಶನಗಳಿಗೆ ಒಯ್ಯಬಹುದು, ದಿನವೂ ಸಂತೆಗೆ ಒಯ್ಯುವಂತಿಲ್ಲ. ಲೇಥಿಗೆ ದುಡ್ಡು ಕೊಡುವ ಮುನ್ನ ಇಂಜಿನ್ ಮೇಲಿನ ನಂಬರನ್ನೂ ಆರ್‌ಸಿ ಪುಸ್ತಕದ ನಂಬರನ್ನೂ ಒಮ್ಮೆ ತಾಳೆ ನೋಡಿ.