ಚರಂಡಿಗೆ ಹೋದ ಸಾರ ಮಣ್ಣಿಗೆ ಮರಳಲಿ



ವಿಷಯ ಕೇಳಿ ಮೂಗು ಮುಚ್ಚಿಕೊಳ್ಳಬೇಡಿ! ಊಟದ ಹೊತ್ತಿನಲ್ಲಿ ಆಡುವ ಮಾತಲ್ಲ ನಿಜ, ಆದರೆ ಊಟದ ತಟ್ಟೆಗೆ ನೇರ ಸಂಬಂಧವಿರುವ ಮಾತು. ನಮ್ಮ ಬಚ್ಚಲು, ಪಾಯಿಖಾನೆಗಳಿಂದ ಹೊರಹೋಗುವ ನೀರಿನಲ್ಲಿರುವ ಗೊಬ್ಬರದ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಾನಿರುವ ಎಗೈಲಾದಲ್ಲಿ ನಲ್ಲಿಗೆ ಬರುವುದು ಇಂಧನ ಸುಟ್ಟು ಉಪ್ಪು ತೆಗೆದ ಸಮುದ್ರದ ನೀರು. ಕುವೈತಿನಲ್ಲಿ ನದಿಯಿಲ್ಲ; ವರ್ಷದ ಮಳೆ ಸುಮಾರು 100-120 ಮಿಲಿಮೀಟರ್ ಅಷ್ಟೇ. ಇಷ್ಟು ದುಬಾರಿ ನೀರನ್ನು ಒಂದೇ ಸಲ ಬಳಸಿ ಚೆಲ್ಲಿದರೆ ಹೇಗೆ? ಆದ್ದರಿಂದಲೇ ಸುಲೈಬಿಯಾದಲ್ಲಿ 2004-05ರಲ್ಲಿ ದೊಡ್ಡ ಶುದ್ಧೀಕರಣ ಘಟಕ ಶುರುವಾಯಿತು. ದಿನಕ್ಕೆ 37.5 ಕೋಟಿ ಲೀಟರ್ ಇದ್ದ ಅದರ ಸಾಮರ್ಥ್ಯವನ್ನು ನಂತರ 60 ಕೋಟಿಗೆ ಏರಿಸಿದರು. ನಮ್ಮ ನೆರೆಯ ರಿಗ್ಗಾದ ಹಳೆಯ ಘಟಕದ ಬದಲಿಗೆ ಉಮ್ ಅಲ್ ಹೇಮಾನ್‌ನಲ್ಲಿ 50 ಕೋಟಿ ಲೀಟರಿನ ಹೊಸ ಘಟಕ ಕಟ್ಟಿದ್ದಾರೆ. ಸಂಸ್ಕರಿಸಿದ ನೀರು ರಸ್ತೆ ಬದಿಯ ಗಿಡಮರಗಳಿಗೂ ಹೊಲಗಳಿಗೂ ಹೋಗುತ್ತದೆ.

ನೀರೇನೋ ಮರಳಿತು. ಸಾರ ಎಲ್ಲಿ ಹೋಯಿತು? ನಾವು ತಿಂದ ಅನ್ನ, ಬೇಳೆಯಲ್ಲಿದ್ದ ಸಾರಜನಕ, ರಂಜಕಗಳ ಬಹುಪಾಲು ದೇಹದಿಂದ ಹೊರಬಂದು ಚರಂಡಿ ಸೇರುತ್ತದೆ. ಘಟಕದಲ್ಲಿ ಮೊದಲು ಕಸ, ಮರಳನ್ನು ಸೋಸುತ್ತಾರೆ. ಬಳಿಕ ತೊಟ್ಟಿಗೆ ಗಾಳಿ ಊದಿದಾಗ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ಬೆಳೆಯುತ್ತವೆ. ಅವು ತಳಕ್ಕೆ ಕೂತಾಗ ಸಿಗುವ ರಾಡಿಯೇ ಸ್ಲಡ್ಜ್. ಸುಲೈಬಿಯಾದಲ್ಲಿ ಇದಾದ ಮೇಲೆ ನೀರನ್ನು ರಿವರ್ಸ್ ಆಸ್ಮೋಸಿಸ್ ಪೊರೆಯ ಮೂಲಕ ಹಾಯಿಸುವುದರಿಂದ ನೀರಿನಲ್ಲಿ ಉಪ್ಪೂ ಹೆಚ್ಚು ಉಳಿಯುವುದಿಲ್ಲ, ಗೊಬ್ಬರದ ಅಂಶವೂ ಹೆಚ್ಚು ಉಳಿಯುವುದಿಲ್ಲ. ಮಣ್ಣಿಗೆ ಬೇಕಾದ ಸಾರವನ್ನು ಹುಡುಕಬೇಕಾದದ್ದು ಸ್ಲಡ್ಜಿನಲ್ಲಿ. ನೀರನ್ನಾಗಲಿ ಗೊಬ್ಬರವನ್ನಾಗಲಿ ಹಿಡಿದಿಡದ ಮರಳು ನೆಲಕ್ಕೆ ಇಂಥ ಸಾವಯವ ಪದಾರ್ಥ ಬಹಳ ಉಪಕಾರಿ.

ಆದರೆ ಹಸಿ ಸ್ಲಡ್ಜನ್ನು ಹಾಗೇ ಹೊಲಕ್ಕೆ ಸುರಿಯಬಾರದು. ಅದರಲ್ಲಿ ರೋಗಾಣುಗಳೂ ಜಂತುಹುಳುವಿನ ಮೊಟ್ಟೆಗಳೂ ಇರುತ್ತವೆ. ಎಲೆ, ಮರದ ಪುಡಿ ಬೆರೆಸಿ ಕಾಂಪೋಸ್ಟ್ ಮಾಡಿ, ರಾಶಿಯ ಕಾವು 55 ಡಿಗ್ರಿ ದಾಟಿ ಹಲವು ದಿನ ನಿಲ್ಲುವಂತೆ ನೋಡಿಕೊಂಡರೆ ಇವು ಸಾಯುತ್ತವೆ. ಅಮೆರಿಕದ ಮಿಲ್ವಾಕೀ ನಗರ ಸ್ಲಡ್ಜನ್ನು ಬಿಸಿಯಲ್ಲಿ ಒಣಗಿಸಿ 1926ರಿಂದ ‘ಮಿಲಾರ್ಗನೈಟ್’ ಹೆಸರಿನಲ್ಲಿ ಗೊಬ್ಬರ ಮಾರುತ್ತಿದೆ!

ಕಾವಿಗೂ ಜಗ್ಗದ ಶತ್ರುಗಳಿವೆ: ಕಾರ್ಖಾನೆಗಳ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಮತ್ತು ಕೊಳೆಯದ ಕೆಲವು ರಾಸಾಯನಿಕಗಳು. ಅಂಥ ರಾಸಾಯನಿಕಗಳು ಹೊಲ, ಬಾವಿಗಳಲ್ಲಿ ಸಿಕ್ಕಿದ್ದರಿಂದ ಅಮೆರಿಕದ ಮೇಯ್ನ್ ರಾಜ್ಯ 2022ರಲ್ಲಿ ಹೊಲಕ್ಕೆ ಸ್ಲಡ್ಜ್ ಹಾಕುವುದನ್ನೇ ನಿಷೇಧಿಸಿತು. ಹೀಗಾಗಿ ಗೊಬ್ಬರದ ಗುಣ ನಿರ್ಧಾರವಾಗುವುದು ಘಟಕದಲ್ಲಿ ಮಾತ್ರವಲ್ಲ, ಚರಂಡಿಗೆ ಏನು ಸುರಿಯುತ್ತೇವೆ ಎಂಬುದರಲ್ಲಿಯೂ.

ನಮ್ಮೂರಿನ ಕಡೆಗೂ ನೋಡೋಣ. ಬೆಂಗಳೂರಿನ ಸುತ್ತ ಪಾಯಿಖಾನೆ ಗುಂಡಿ ಖಾಲಿ ಮಾಡುವ ಟ್ಯಾಂಕರುಗಳಿಂದ ರೈತರು ಮಲ ಪಡೆದು, ಗುಂಡಿಯಲ್ಲಿ ಒಣಗಿಸಿ ಬಾಳೆ, ತೆಂಗಿಗೆ ಹಾಕುವ ರೂಢಿಯಿದೆ. ಇದೇ ಕೆಲಸವನ್ನು ಸುರಕ್ಷಿತವಾಗಿ ಮಾಡಲು ದೇವನಹಳ್ಳಿಯಲ್ಲಿ 2015ರಲ್ಲಿ ಮಲ ಸಂಸ್ಕರಣಾ ಘಟಕ ಬಂತು. ಇನ್ನು ಕೋಲಾರ! ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಅಲ್ಲಿನ ಕೆರೆಗಳಿಗೆ ಹರಿಯುತ್ತಿದೆ. ವರ್ಷಗಟ್ಟಲೆ ಒಣಗಿದ್ದ ಕೆರೆಗಳು ತುಂಬಿದವು. ಆದರೆ ಅದು ಎರಡನೇ ಹಂತದವರೆಗೆ ಮಾತ್ರ ಸಂಸ್ಕರಿಸಿದ ನೀರು. ಕೆರೆಯಲ್ಲಿ ನೊರೆ ಕಂಡಾಗ ರೈತರು ಆತಂಕಗೊಂಡರು, ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಮೂರನೇ ಹಂತದ ಸಂಸ್ಕರಣೆ ಬೇಕೆಂಬ ಅವರ ಬೇಡಿಕೆ ನ್ಯಾಯವಾದದ್ದೇ. ನೀರೂ ಬೇಕು, ನಂಬಿಕೆಯೂ ಬೇಕು ಅಲ್ಲವೇ?

ನಾವೇನು ಮಾಡಬಹುದು? ಎಣ್ಣೆ, ಬಣ್ಣ, ಹಳೆಯ ಮಾತ್ರೆಗಳನ್ನು ಸಿಂಕಿಗೆ ಸುರಿಯದಿರೋಣ. ನಮ್ಮಲ್ಲಿ ಹಲವರು ಬೆಂಗಳೂರಿನಲ್ಲಿ ಫ್ಲಾಟ್ ಕೊಂಡಿದ್ದೇವೆ. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಸ್ವಂತ ಎಸ್.ಟಿ.ಪಿ. ಇರುತ್ತದೆ. ಅದು ನಿಜವಾಗಿ ಓಡುತ್ತಿದೆಯೇ, ಸ್ಲಡ್ಜ್ ಎಲ್ಲಿಗೆ ಹೋಗುತ್ತಿದೆ, ನೀರು ಮತ್ತು ಸ್ಲಡ್ಜಿನ ಪರೀಕ್ಷಾ ವರದಿ ಎಲ್ಲಿ ಎಂದು ಸಂಘದ ಸಭೆಯಲ್ಲಿ ಕೇಳಿ. ಚೆನ್ನಾಗಿ ಕಾಂಪೋಸ್ಟ್ ಆಗಿ ಪರೀಕ್ಷೆಯಲ್ಲಿ ಪಾಸಾದ ಗೊಬ್ಬರವನ್ನು ಹೂಗಿಡ, ಮರಗಳಿಗೆ ಹಾಕಿಸಿ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿಗೆ ಬೇಡ. ಊರಿನಲ್ಲಿ ಜಮೀನಿರುವವರು ಅಪ್ಪ, ಅಣ್ಣಂದಿರಿಗೂ ಫೋನಿನಲ್ಲಿ ಇದನ್ನು ತಿಳಿಸಿ.

ಮಣ್ಣಿನಿಂದ ಪಡೆದದ್ದನ್ನು ಮಣ್ಣಿಗೆ ಕೊಡುವುದು ನಮ್ಮ ಹಿರಿಯರಿಗೆ ತಿಪ್ಪೆಗುಂಡಿಯ ಕಾಲದಿಂದ ಗೊತ್ತಿತ್ತು. ಅದನ್ನು ವಿಷವಿಲ್ಲದೆ ಕೊಡುವುದು ನಮ್ಮ ಕಾಲದ ಹೊಣೆ. ಏನಂತೀರಿ?