ಅರ್ಕ್, ಅರಕ್, ಸಾರಾಯಿ: ಒಂದು ಹಳೆಯ ಪದದ ಅರ್ಥ

ನಮ್ಮ ತರಗತಿಯಲ್ಲಿ ಸಾರಾಯಿ ಅಂಗಡಿಯನ್ನು ನೋಡಿದವರು ಯಾರೂ ಇಲ್ಲ. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಂದು. ಆಗ ನಾವಿನ್ನೂ ಹುಟ್ಟಿರಲಿಲ್ಲ. ಆದರೂ ಸುತ್ತೂರಿನ ಕಡೆ ಹಿರಿಯರು ಈಗಲೂ ಅಗ್ಗದ ಮದ್ಯಕ್ಕೆಲ್ಲ ‘ಸಾರಾಯಿ’ ಎಂದೇ ಹೇಳುತ್ತಾರೆ. ಕಾನೂನಿನ ಇಂಗ್ಲಿಷ್‌ನಲ್ಲಿ ಇದರ ಹೆಸರು ‘ಅರಕ್’. ಈ ಪದ ನಮ್ಮ ಮನೆಯ ಉರ್ದುವಿನಲ್ಲೂ ಇದೆ, ಆದರೆ ಬೇರೆ ಅರ್ಥದಲ್ಲಿ.

ಮೂಲ ಅರಬ್ಬಿ ಪದ ‘ಅರಕ್’ ಎಂದರೆ ಬೆವರು. ಮದ್ಯಕ್ಕೂ ಬೆವರಿಗೂ ಏನು ಸಂಬಂಧ? ಹೆಂಡ ಮತ್ತು ಸಾರಾಯಿಯ ವ್ಯತ್ಯಾಸ ತಿಳಿದರೆ ಇದು ಅರ್ಥವಾಗುತ್ತದೆ. ಈಚಲು ಮರದ ರಸ ತಾನಾಗಿಯೇ ಹುಳಿತು ಹೆಂಡವಾಗುತ್ತದೆ. ಸಾರಾಯಿಗೆ ಇನ್ನೊಂದು ಹಂತ ಬೇಕು. ಬೆಲ್ಲ ಅಥವಾ ಕಾಕಂಬಿಯನ್ನು ನೀರಿನಲ್ಲಿ ಕೊಳೆಸಿ ಕಾಯಿಸುತ್ತಾರೆ. ಆಲ್ಕೋಹಾಲ್ ಸುಮಾರು 78 ಡಿಗ್ರಿಗೆ ಕುದಿಯುತ್ತದೆ, ನೀರು 100 ಡಿಗ್ರಿಗೆ. ಆದ್ದರಿಂದ ಮೊದಲು ಏಳುವ ಆವಿಯಲ್ಲಿ ಆಲ್ಕೋಹಾಲ್ ಹೆಚ್ಚು. ಅದು ತಣ್ಣಗಿನ ಭಾಗಕ್ಕೆ ತಗುಲಿ ಬೆವರಿನಂತೆ ಹನಿಹನಿಯಾಗಿ ಇಳಿಯುತ್ತದೆ. ಇದನ್ನೇ ಭಟ್ಟಿ ಇಳಿಸುವುದು ಎನ್ನುತ್ತೇವೆ. ‘ಆಲ್ಕೋಹಾಲ್’ ಪದವೂ ಅರಬ್ಬಿಯದೇ. ಅದರ ಮೂಲವಾದ ‘ಅಲ್ ಕುಹ್ಲ್’ ಎಂದರೆ ಕಣ್ಣಿಗೆ ಹಚ್ಚುವ ಸುರ್ಮಾ!

ಉರ್ದುವಿನಲ್ಲಿ ‘ಅರ್ಕ್’ ಎಂದರೆ ಭಟ್ಟಿ ಇಳಿಸಿದ ಯಾವುದೇ ಸಾರ. ಅರ್ಕ್-ಎ-ಗುಲಾಬ್ ಎಂದರೆ ಪನ್ನೀರು. ಸೋಂಪಿನಿಂದ ತೆಗೆದ ಅರ್ಕ್-ಎ-ಬಾದಿಯಾನ್ ಯುನಾನಿ ಔಷಧಿ. ಹೊಟ್ಟೆನೋವಿಗೆ ನಮ್ಮ ನಾನಿ ಕೊಡುವುದು ಇದನ್ನೇ. ಒಮ್ಮೆ ಗೆಳೆಯನೊಬ್ಬ, “ನಿಮ್ಮನೇಲಿ ಅರಕ್ ಇಡ್ತೀರೇನೋ?” ಎಂದು ನಕ್ಕಿದ್ದ. ಇವುಗಳಲ್ಲಿ ಹೂವನ್ನಾಗಲಿ ಸೋಂಪನ್ನಾಗಲಿ ಕೊಳೆಸುವುದಿಲ್ಲ, ನೀರಿನೊಂದಿಗೆ ಕಾಯಿಸುತ್ತಾರೆ. ಹಾಗಾಗಿ ಅಮಲೂ ಇಲ್ಲ. ಕನ್ನಡದಲ್ಲಿ ‘ಓಮದ ಅರ್ಕ’ ಎನ್ನುವುದೂ ಇಂಥದ್ದೇ. ನಮ್ಮ ಧರ್ಮದಲ್ಲಿ ಹರಾಮ್ ಆಗಿರುವುದು ಅಮಲೇರಿಸುವ ವಸ್ತು, ಅದರ ಹೆಸರಲ್ಲ.

ವಾಣಿಜ್ಯ ವಿದ್ಯಾರ್ಥಿಗಳಿಗೆ ಇನ್ನೊಂದು ಪದ: ‘ಅಬಕಾರಿ’. ಪಾರ್ಸಿಯಲ್ಲಿ ‘ಆಬ್’ ಎಂದರೆ ನೀರು, ‘ಕಾರ್’ ಎಂದರೆ ಕೆಲಸ. ಮದ್ಯ ತಯಾರಿಕೆಗೆ ಇದ್ದ ಈ ಹೆಸರು ಆಮೇಲೆ ಅದರ ಸುಂಕಕ್ಕೂ ಬಂತು. ನಮ್ಮ ರಾಜ್ಯದ ಅಬಕಾರಿ ಕಾಯ್ದೆ 1965ರದ್ದು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗಲೂ ಕುಡಿಯುವ ಮದ್ಯವನ್ನು ಅದರಿಂದ ಹೊರಗೇ ಇಟ್ಟರು. ಅದರ ತೆರಿಗೆ ಇಂದಿಗೂ ರಾಜ್ಯ ಸರ್ಕಾರದ ಕೈಯಲ್ಲಿದೆ. ಪಾನನಿಷೇಧಕ್ಕೆ ಪ್ರಯತ್ನಿಸಬೇಕು ಎಂದು ಸಂವಿಧಾನದ 47ನೇ ವಿಧಿ ಅದೇ ರಾಜ್ಯಕ್ಕೆ ಹೇಳುತ್ತದೆ.

ಸಾರಾಯಿ ನಿಂತ ಮೇಲೆ ಕುಡಿತ ನಿಂತಿತೇ? ಇಲ್ಲ. ಕೆಲವರು ಅಗ್ಗದ ವಿಸ್ಕಿ, ಬ್ರಾಂಡಿಗೆ ಹೋದರು. ಕೆಲವರು ಕಳ್ಳಭಟ್ಟಿಗೆ ಹೋದರು. 2008ರ ಮೇ ತಿಂಗಳಲ್ಲಿ ಕರ್ನಾಟಕ ಮತ್ತು ತಮಿಳುನಾಡಿನಲ್ಲಿ ವಿಷಮದ್ಯ ಕುಡಿದು ಸುಮಾರು 150 ಮಂದಿ ಸತ್ತರು. ಇಂಥ ಮದ್ಯದಲ್ಲಿ ಸೇರುವ ಮೆಥನಾಲ್ ಕಣ್ಣನ್ನೂ ಪ್ರಾಣವನ್ನೂ ತೆಗೆಯುತ್ತದೆ. ಅದು ನೋಡಲು ಸಾಮಾನ್ಯ ಮದ್ಯದಂತೆಯೇ ಇರುತ್ತದೆ.

ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ತರಗತಿಗೆ ಬರುತ್ತಿದ್ದ ಹೆಂಗಸರೇ ಸಾರಾಯಿ ವಿರುದ್ಧ ಎದ್ದು ನಿಂತರು. 1993ರಲ್ಲಿ ಅಲ್ಲಿ ಸಾರಾಯಿ ನಿಷೇಧವಾಯಿತು. ಅವರು ಪಾಠದ ಜೊತೆಗೆ ತಮ್ಮ ಮನೆಯ ಲೆಕ್ಕವನ್ನೂ ಓದಿದ್ದರು. ಅಬಕಾರಿ ಸುಂಕ ಸರ್ಕಾರದ ಪುಸ್ತಕದಲ್ಲಿ ಜಮಾ ಆಗುತ್ತದೆ, ಕೂಲಿಯವರ ಮನೆಯಲ್ಲಿ ಅದು ಖರ್ಚು. ನಾವು ಕಲಿಯುವ ಲೆಕ್ಕಶಾಸ್ತ್ರದಲ್ಲಿ ಈ ಎರಡೂ ಪುಸ್ತಕಗಳನ್ನು ನೋಡಬೇಕು ಎಂದು ನನಗೆ ಅನ್ನಿಸುತ್ತದೆ.